45 ಚದರ ಮೀಟರಿನ ಮಾತು

ಚೆನ್ನೈ ಮಹಾನಗರದ ಎರಡನೇ ಮಾಸ್ಟರ್ ಪ್ಲಾನ್ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಾಗ ಅದರ ಅಭಿವೃದ್ಧಿ ನಿಯಮಗಳ ನಡುವೆ ಒಂದು ಸಣ್ಣ ಕಲಮು ಇತ್ತು. 10,000 ಚದರ ಮೀಟರಿಗಿಂತ, ಅಂದರೆ ಸುಮಾರು ಎರಡೂವರೆ ಎಕರೆಗಿಂತ ದೊಡ್ಡ ಜಾಗದಲ್ಲಿ ವಸತಿ ಸಮುಚ್ಚಯ ಕಟ್ಟುವವರು ರಸ್ತೆಯ ಪಾಲು ಕಳೆದು ಉಳಿದದ್ದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಕಡಿಮೆ ಆದಾಯದವರ ಮನೆಗಳಿಗೆ ಮೀಸಲಿಡಬೇಕು. ಒಂದೊಂದು ಮನೆಯೂ 45 ಚದರ ಮೀಟರ್ ಮೀರಬಾರದು. ಅಲ್ಲೇ ಕಟ್ಟಲಾಗದಿದ್ದರೆ ಎರಡು ಕಿಲೋಮೀಟರ್ ಒಳಗೆ ಬೇರೆಲ್ಲಾದರೂ ಕಟ್ಟಿಕೊಡಬಹುದು. ಎರಡು ಮನೆ ಸೇರಿಸಿ ಒಂದು ಮಾಡುವಂತಿಲ್ಲ.

ಓದಿದರೆ ಒಳ್ಳೆಯ ನಿಯಮವೇ. ಊರು ಬೆಳೆಯುವಾಗ ಬಡವರಿಗೂ ಅದರೊಳಗೇ ಒಂದು ಪಾಲು ಇರಲಿ ಎಂಬ ಆಶಯ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಆ ಕಲಮಿನಲ್ಲಿ ಎರಡು ಮಾತು ಇಲ್ಲ. ಮನೆಯ ಬೆಲೆ ಎಷ್ಟಿರಬೇಕು ಎಂಬುದು ಒಂದು, ಕೊಳ್ಳುವವರ ಆದಾಯವನ್ನು ಯಾರು, ಹೇಗೆ ಪರಿಶೀಲಿಸಬೇಕು ಎಂಬುದು ಇನ್ನೊಂದು. 45 ಚದರ ಮೀಟರ್ ಎಂದರೆ 484 ಚದರ ಅಡಿ. ಕರ್ನಾಟಕದ ಮೇಸ್ತ್ರಿಗಳ ಲೆಕ್ಕದಲ್ಲಿ ಐದು ಚದರಕ್ಕೂ ತುಸು ಕಡಿಮೆ. ಅಡ್ಯಾರ್‌ನಲ್ಲೋ ಅಣ್ಣಾನಗರದಲ್ಲೋ ಐದು ಚದರದ ಮನೆಯನ್ನು ಮನೆಗೆಲಸದವರು, ಆಟೋ ಓಡಿಸುವವರು ಕೊಳ್ಳಲಾರರು. ಒಂಟಿಯಾಗಿರುವ ಸಾಫ್ಟ್‌ವೇರ್ ನೌಕರರೋ, ಬಾಡಿಗೆ ಆದಾಯಕ್ಕಾಗಿ ಎರಡನೇ ಮನೆ ಹುಡುಕುವವರೋ ಸುಲಭವಾಗಿ ಕೊಳ್ಳುತ್ತಾರೆ. ನಿಯಮ ಅಳತೆಪಟ್ಟಿ ಹಿಡಿದು ಬಡತನವನ್ನು ಅಳೆಯಲು ಹೊರಟಿತು. ಸಣ್ಣ ಮನೆ ಬೇರೆ, ಅಗ್ಗದ ಮನೆ ಬೇರೆ ಎಂಬುದನ್ನು ಮರೆಯಿತು. ಅಷ್ಟೇ ಅಲ್ಲ, ಅದು ಮಾತಾಡಿದ್ದು ಮಾರಾಟದ ಬಗ್ಗೆ ಮಾತ್ರ. ನಗರದ ಬಡವರಲ್ಲಿ ಬಹಳ ಮಂದಿ ಕೊಳ್ಳುವ ಸ್ಥಿತಿಯಲ್ಲೇ ಇಲ್ಲ, ಬಾಡಿಗೆಗೆ ಇರುವವರು. ಅವರಿಗೆ ಆ ಕಲಮಿನಲ್ಲಿ ಒಂದು ಸಾಲೂ ಇಲ್ಲ.

ಈ ಹಳೆಯ ಕಲಮನ್ನು ಈಗ ಕೆದಕಲು ಕಾರಣವಿದೆ. ಎರಡನೇ ಮಾಸ್ಟರ್ ಪ್ಲಾನಿನ ಅವಧಿ 2026ಕ್ಕೆ. 2026ರಿಂದ 2046ರವರೆಗಿನ ಮೂರನೇ ಮಾಸ್ಟರ್ ಪ್ಲಾನನ್ನು ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಸಿಎಂಡಿಎ, ಸಿದ್ಧಪಡಿಸುತ್ತಾ ಬಂದಿದೆ. 2022ರಲ್ಲಿ ಮಹಾನಗರ ಪ್ರದೇಶದ ವಿಸ್ತಾರವನ್ನು 1,189 ಚದರ ಕಿಲೋಮೀಟರಿನಿಂದ 5,904ಕ್ಕೆ ಏರಿಸುವ ಆದೇಶವೂ ಬಂತು. ಯಾವ ಜಾಗ ವಸತಿಗೆ, ಯಾವುದು ಕಾರ್ಖಾನೆಗೆ, ಎಲ್ಲಿ ಎಷ್ಟು ಅಂತಸ್ತು ಎಂದು ಬಣ್ಣ ಹಚ್ಚುವ ನಕ್ಷೆ ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಬಡವರು ಎಲ್ಲಿರಬೇಕು ಎಂಬ ತೀರ್ಮಾನ ಮಾತ್ರ ಆ ನಕ್ಷೆಯಲ್ಲಿ ಕಾಣುವುದಿಲ್ಲ. ಅದು ಬೇರೆ ಇಲಾಖೆಯಲ್ಲಿ, ಬೇರೆ ಕಡತದಲ್ಲಿ, ಬೇರೆ ಹೆಸರಿನಲ್ಲಿ ಆಗುತ್ತದೆ. ಚೆನ್ನೈಯ ವಸತಿ ಸಮಸ್ಯೆಯ ಗಂಟು ಇರುವುದು ಇಲ್ಲಿ.

ಆ ಬೇರೆ ಇಲಾಖೆಯ ಕಥೆ 1970ಕ್ಕೆ ಹೋಗುತ್ತದೆ. ಕರುಣಾನಿಧಿ ಮುಖ್ಯಮಂತ್ರಿಯಾಗಿದ್ದಾಗ ತಮಿಳುನಾಡು ಸ್ಲಂ ಕ್ಲಿಯರೆನ್ಸ್ ಬೋರ್ಡ್ ಹುಟ್ಟಿತು. ಮರುವರ್ಷ ಅದಕ್ಕೊಂದು ಕಾಯ್ದೆ ಬಂತು. ಇಂಗ್ಲಿಷಿನ ಹೆಸರಿನಲ್ಲಿ ತೆರವು ಇತ್ತು. ತಮಿಳಿನಲ್ಲಿ ಅದು 'ಕುಡಿಸೈ ಮಾಟ್ರು ವಾರಿಯಂ', ಅಂದರೆ ಗುಡಿಸಲು ಬದಲಿಸುವ ಮಂಡಳಿ. ಮೊದಲ ವರ್ಷಗಳಲ್ಲಿ ಮಂಡಳಿ ನಡೆದುಕೊಂಡದ್ದು ಹೆಚ್ಚಾಗಿ ತಮಿಳಿನ ಹೆಸರಿಗೆ ತಕ್ಕಂತೆ. ಮರೀನಾ ದಂಡೆಯ ನೊಚ್ಚಿಕುಪ್ಪಂನಂಥ ಕಡೆಗಳಲ್ಲಿ ಗುಡಿಸಲು ಇದ್ದಲ್ಲೇ ಮೂರು ನಾಲ್ಕು ಅಂತಸ್ತಿನ ಮನೆಗಳು ಎದ್ದವು. ಮೀನುಗಾರ ಮೀನುಗಾರನಾಗಿಯೇ, ಸಮುದ್ರದ ಎದುರಿಗೇ ಉಳಿದ. ಕಟ್ಟಡಗಳ ಗುಣಮಟ್ಟದ ಬಗ್ಗೆ, ಹಂಚಿಕೆಯ ರಾಜಕೀಯದ ಬಗ್ಗೆ ದೂರುಗಳು ಇದ್ದೇ ಇದ್ದವು. ಆದರೆ ಬಡವನ ವಿಳಾಸದಲ್ಲಿ ಊರು ಬದಲಾಗಿರಲಿಲ್ಲ.

1977ರಿಂದ ವಿಶ್ವಬ್ಯಾಂಕಿನ ಸಾಲದೊಂದಿಗೆ ಇನ್ನೊಂದು ಹಾದಿ ತೆರೆಯಿತು. ಅರುಂಬಾಕ್ಕಂ, ವಿಲ್ಲಿವಾಕ್ಕಂ, ಕೊಡುಂಗೈಯೂರುಗಳಲ್ಲಿ ಸರ್ಕಾರ ಮನೆ ಕಟ್ಟಲು ಹೋಗದೆ ನೀರು, ಚರಂಡಿ, ರಸ್ತೆ ಇರುವ ಸಣ್ಣ ನಿವೇಶನಗಳನ್ನು ಹಂಚಿತು. ಕೈಗೆ ಕಾಸು ಬಂದಂತೆ ಜನ ಒಂದೊಂದೇ ಕೋಣೆ ಕಟ್ಟಿಕೊಳ್ಳಲಿ ಎಂಬುದು ಯೋಚನೆ. ಒಂದೇ ಬಡಾವಣೆಯಲ್ಲಿ ತೀರಾ ಬಡವರ ನಿವೇಶನ, ಅದರ ಪಕ್ಕದ ಬೀದಿಯಲ್ಲಿ ಕೆಳಮಧ್ಯಮ ವರ್ಗದ್ದು, ಮುಖ್ಯರಸ್ತೆಗೆ ದೊಡ್ಡದು, ಹೀಗೆ ಬೆರೆಸಿ ನಕ್ಷೆ ಹಾಕಿದ್ದರು. ಶುರುವಿನಲ್ಲಿ ನಿವೇಶನಗಳು ಖಾಲಿ ಬಿದ್ದದ್ದನ್ನು, ಕೆಲವರು ಮಾರಿಕೊಂಡು ಹೋದದ್ದನ್ನು ನೋಡಿ ಇದು ಸೋತ ಯೋಜನೆ ಎಂದು ಬಹಳ ಮಂದಿ ಬರೆದರು. ವಿಶ್ವಬ್ಯಾಂಕೂ ಇಂಥ ಯೋಜನೆಗಳಿಂದ ಹಿಂದೆ ಸರಿಯಿತು. ಎಷ್ಟೋ ವರ್ಷಗಳ ಮೇಲೆ ಕ್ಯಾಥರಿನ್ ಓವೆನ್ಸ್, ಸುಮಿಲಾ ಗುಲ್ಯಾನಿ ಮತ್ತು ಆಂಡ್ರಿಯಾ ರಿಜ್ವಿ ಚೆನ್ನೈ ಮತ್ತು ಮುಂಬೈಯ ಈ ಬಡಾವಣೆಗಳನ್ನು ಮತ್ತೆ ಹೋಗಿ ನೋಡಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ತೀರ್ಪನ್ನೇ ಪ್ರಶ್ನಿಸಿದರು. ಅವರಿಗೆ ಕಂಡದ್ದು ಮನೆ, ಅಂಗಡಿ, ಶಾಲೆಗಳು ಕೂಡಿಕೊಂಡ, ಬೇರೆ ಬೇರೆ ಆದಾಯದವರು ಬಾಳುತ್ತಿರುವ ಜೀವಂತ ಬಡಾವಣೆಗಳು.

ಇದರಲ್ಲಿ ಒಂದು ಪಾಠವಿದೆ. ಬೀದಿಯ ಅಗಲ, ನಿವೇಶನದ ಅಳತೆ, ದೊಡ್ಡದರ ಪಕ್ಕ ಚಿಕ್ಕದನ್ನು ಇಡುವ ಕ್ರಮ ಇವೆಲ್ಲ ನಕ್ಷೆಯ ಮೇಲೆ ಎಳೆದ ಗೆರೆಗಳೇ. ಆ ಗೆರೆಗಳೇ ಬಡವರಿಗೂ ಊರಿನೊಳಗೆ ಜಾಗ ಮಾಡಿಕೊಟ್ಟವು. ಅಂದರೆ ವಲಯ ನಿಯಮ ಜನರನ್ನು ಬೇರ್ಪಡಿಸಲೇಬೇಕೆಂದೇನಿಲ್ಲ. ಕೂಡಿಸಲೂ ಅದಕ್ಕೆ ಬರುತ್ತದೆ. ಚೆನ್ನೈಗೆ ಅದು ಗೊತ್ತಿತ್ತು, ಒಮ್ಮೆ ಮಾಡಿಯೂ ತೋರಿಸಿತ್ತು.

ಆಮೇಲೆ ಆದದ್ದು ಅದರ ಉಲ್ಟಾ. 2000ದ ಸುಮಾರಿಗೆ ಹಳೆ ಮಹಾಬಲಿಪುರಂ ರಸ್ತೆಯ ಒಕ್ಕಿಯಂ ತೊರೈಪಾಕ್ಕಂನಲ್ಲಿ ಕಣ್ಣಗಿ ನಗರ ಎದ್ದಿತು: ಒಂದೇ ಕಡೆ 15 ಸಾವಿರಕ್ಕೂ ಹೆಚ್ಚು ಮನೆಗಳು. ಗಂಡನಿಗಾದ ಅನ್ಯಾಯಕ್ಕೆ ರಾಜಸಭೆಯಲ್ಲೇ ನ್ಯಾಯ ಕೇಳಿದ ಹೆಣ್ಣಿನ ಹೆಸರನ್ನು, ತಮ್ಮ ಮಾತು ಯಾರೂ ಕೇಳದೆ ಎತ್ತಂಗಡಿಯಾದವರ ಬಡಾವಣೆಗೆ ಇಟ್ಟರು. 2004ರ ಸುನಾಮಿಯ ನಂತರ ಕರಾವಳಿಯ ಕುಟುಂಬಗಳು ಸೆಮ್ಮಂಚೇರಿಗೆ ಹೋದವು. ಮುಂದೆ ಪೆರುಂಬಾಕ್ಕಂನಲ್ಲಿ ಎಂಟು ಅಂತಸ್ತಿನ ಕಟ್ಟಡಗಳ ಸಾಲು, 20 ಸಾವಿರಕ್ಕೂ ಹೆಚ್ಚು ಮನೆ. 2015ರ ಪ್ರವಾಹದ ನಂತರ ಅಡ್ಯಾರ್, ಕೂವಂ ನದಿದಂಡೆಗಳಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳು ಸೇರಿದ್ದು ಅಲ್ಲಿಗೆ. ನಗರದ ನಡುವಿನಿಂದ ಅದು ಸುಮಾರು 25 ಕಿಲೋಮೀಟರ್ ದೂರ. ಬೆಳಗಿನ ಜಾವ ಮೂರು ಮನೆಯ ಮುಸುರೆ ತಿಕ್ಕಿ, ಮಕ್ಕಳನ್ನು ಕಾರ್ಪೊರೇಷನ್ ಶಾಲೆಗೆ ಬಿಟ್ಟು, ಸಂಜೆ ಇನ್ನೆರಡು ಮನೆಯ ಕೆಲಸ ಮುಗಿಸುತ್ತಿದ್ದ ಹೆಂಗಸಿಗೆ ಆ ದೂರ ಅಂದರೆ ಸಂಬಳದ ಒಂದು ಪಾಲು, ಇಲ್ಲವೇ ಕೆಲಸವೇ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಕ್ಯಾರೆನ್ ಕೊಯೆಲೊ ಮೊದಲಾದ ಸಂಶೋಧಕರು ಈ ಸ್ಥಳಾಂತರದ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ವಿಳಾಸ ಕೇಳಿದ ಕೂಡಲೇ ಕೆಲಸ ಇಲ್ಲ ಅನ್ನಿಸಿಕೊಳ್ಳುವ ಹುಡುಗರ ಮಾತು ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಬಂದಿದೆ.

ಪ್ರವಾಹದ ದಾರಿಯಲ್ಲಿ ಮನೆ ಕಟ್ಟಿಕೊಂಡವರನ್ನು ಎಬ್ಬಿಸದೆ ಇನ್ನೇನು ಮಾಡುವುದು ಎಂಬ ಪ್ರಶ್ನೆ ಸುಳ್ಳಲ್ಲ. ಕೂವಂ ದಂಡೆಯ ಗುಡಿಸಲಿನಲ್ಲಿ ಮಕ್ಕಳನ್ನು ಬೆಳೆಸುವುದು ಯಾರಿಗೂ ಸುಖವಲ್ಲ. ಗಟ್ಟಿ ಗೋಡೆ, ಒಳಗೇ ಶೌಚಾಲಯ, ತಮ್ಮ ಹೆಸರಿನ ಹಂಚಿಕೆ ಪತ್ರ ಸಿಕ್ಕಿದ್ದಕ್ಕೆ ಪೆರುಂಬಾಕ್ಕಂನಲ್ಲಿ ಸಂತೋಷಪಟ್ಟವರೂ ಇದ್ದಾರೆ. ಆದರೆ ಪೆರುಂಬಾಕ್ಕಂ, ಸೆಮ್ಮಂಚೇರಿಗಳು ಇರುವುದು ಪಳ್ಳಿಕರಣೈ ಜವುಗಿನ ಸೆರಗಿನಲ್ಲಿ. ಮಳೆ ಜೋರಾದ ವರ್ಷ ಅಲ್ಲೂ ನೀರು ನಿಲ್ಲುತ್ತದೆ. ನೆರೆಯಿಂದ ಕಾಪಾಡುವುದಕ್ಕೆಂದು ಜನರನ್ನು ನೆರೆ ಬರುವ ಜಾಗಕ್ಕೇ ಸಾಗಿಸಿದರೆ, ಸ್ಥಳಾಂತರಕ್ಕೆ ಬೇರೆ ಕಾರಣವಿತ್ತು ಎಂದು ಯಾರಾದರೂ ಅಂದುಕೊಂಡರೆ ತಪ್ಪೇನು? ಊರಂಚಿನಲ್ಲಿ ಸರ್ಕಾರಿ ಜಮೀನು ಅಗ್ಗ. ಊರೊಳಗಿನ ಜಮೀನಿಗೆ ಬೇರೆ ಗಿರಾಕಿಗಳಿದ್ದರು.

ನಗರದೊಳಗೆ ಜಾಗವೇ ಇಲ್ಲ ಎಂಬ ಮಾತನ್ನು 2022ರ ಮೇ ತಿಂಗಳು ಪರೀಕ್ಷೆಗೆ ಒಡ್ಡಿತು. ರಾಜಾ ಅಣ್ಣಾಮಲೈಪುರಂನ ಗೋವಿಂದಸಾಮಿ ನಗರದಲ್ಲಿ ಬಕಿಂಗ್‌ಹ್ಯಾಂ ಕಾಲುವೆ ಪಕ್ಕದ ಮನೆಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ ಕೆಡವುತ್ತಿದ್ದಾಗ ಅಲ್ಲಿನ ನಿವಾಸಿಯೊಬ್ಬರು ಬೆಂಕಿ ಹಚ್ಚಿಕೊಂಡು ತೀರಿಕೊಂಡರು. ಅದಾದ ಕೂಡಲೇ ಮುಖ್ಯಮಂತ್ರಿ ಸ್ಟಾಲಿನ್ ವಿಧಾನಸಭೆಯಲ್ಲಿ, ಅಲ್ಲಿನವರಿಗೆ ಹತ್ತಿರದ ಮಂದವೆಳಿ, ಮೈಲಾಪುರಗಳಲ್ಲೇ ಮನೆ ಕೊಡುವುದಾಗಿ ಘೋಷಿಸಿದರು. ಒಂದು ಜೀವ ಹೋದ ಮೇಲೆ ಮೈಲಾಪುರದಲ್ಲಿ ಜಾಗ ಕಂಡಿತು. ಅದಕ್ಕೂ ಮೊದಲು ಕಾಣದೇ ಇದ್ದದ್ದಕ್ಕೆ ಭೂಗೋಳ ಕಾರಣವಲ್ಲ. ಹುಡುಕಲೇಬೇಕು ಎಂದು ಹೇಳುವ ನಿಯಮ ಇರಲಿಲ್ಲ.

ಇಲ್ಲಿ ಮಾತುಗಳ ಕಡೆಗೂ ಸ್ವಲ್ಪ ನೋಡಬೇಕು, ಏಕೆಂದರೆ ವಲಯ ನಿಯಮ ಎಂದರೆ ಮೂಲತಃ ಜಾಗಕ್ಕೆ ಹೆಸರಿಡುವ ಕೆಲಸ. ಸೆಮ್ಮಂಚೇರಿ, ವೇಳಚ್ಚೇರಿಗಳ ಕೊನೆಯ 'ಚೇರಿ' ಕನ್ನಡದ 'ಕೇರಿ'ಯೇ. ಇ, ಎ ಸ್ವರಗಳ ಮುಂದೆ ಕನ್ನಡ ಉಳಿಸಿಕೊಂಡ ಕಕಾರ ತಮಿಳಿನಲ್ಲಿ ಚಕಾರವಾಗಿದೆ. ಕಿವಿ ಅಲ್ಲಿ ಚೆವಿ ಆದಂತೆ. ಜನ ಕೂಡಿ ಬಾಳುವ ಜಾಗ ಎಂಬಷ್ಟೇ ಅರ್ಥವಿದ್ದ ಪದ ಎರಡೂ ನುಡಿಗಳಲ್ಲಿ ಕೆಳಗಿಳಿದು, ತಮಿಳಿನಲ್ಲಿ ದಲಿತರ ವಸತಿಗೂ ನಗರದ ಗುಡಿಸಲು ಪ್ರದೇಶಕ್ಕೂ ಅಂಟಿಕೊಂಡಿತು. ಕನ್ನಡದಲ್ಲಿ ಅದಕ್ಕೆ 'ಕೊಳೆ' ಎಂದು ಮುಂದೆ ಸೇರಿಸಿ ಕೊಳೆಗೇರಿ ಮಾಡಿಕೊಂಡೆವು. 'ಪುರಂಬೋಕ್ಕು' ಕಥೆಯೂ ಹೀಗೆಯೇ. ಕಂದಾಯದ ಲೆಕ್ಕದ ಹೊರಗಿರುವ, ಎಲ್ಲರಿಗೂ ಸೇರಿದ ಕೆರೆದಂಡೆ, ಹುಲ್ಲುಗಾವಲು, ದಾರಿಗಳಿಗೆ ಇದ್ದ ಪದ ಅದು. ಹಳೆಯ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಪಹಣಿಗಳಲ್ಲಿ 'ಪರಂಬೋಕು' ಇವತ್ತಿಗೂ ಸಿಗುತ್ತದೆ; ಬಯಲುಸೀಮೆಯಲ್ಲಿ ಅದು 'ಖರಾಬು'. ತಮಿಳಿನಲ್ಲಿ ಇಂದು ಪೊರಂಬೋಕ್ಕು ಒಂದು ಬೈಗುಳ. 2017ರಲ್ಲಿ ಟಿ.ಎಂ. ಕೃಷ್ಣ ಎಣ್ಣೂರು ಹಿನ್ನೀರಿನ ಪರವಾಗಿ ಅದೇ ಪದವನ್ನು ಹೆಮ್ಮೆಯಿಂದ ಎತ್ತಿ ಹಾಡಿದ್ದು ಅದಕ್ಕಾಗಿಯೇ. ಎಲ್ಲರ ಜಾಗವನ್ನು ಯಾರದೂ ಅಲ್ಲದ ಜಾಗ ಎಂದು ಕರೆದರೆ, ಅಲ್ಲಿ ಬದುಕುವವರೂ ಯಾರಿಗೂ ಬೇಡದವರಾಗುತ್ತಾರೆ.

2021ರಲ್ಲಿ ಸ್ಲಂ ಕ್ಲಿಯರೆನ್ಸ್ ಬೋರ್ಡಿನ ಹೆಸರು ಬದಲಾಗಿ ತಮಿಳುನಾಡು ನಗರ ವಾಸಸ್ಥಾನ ಅಭಿವೃದ್ಧಿ ಮಂಡಳಿ ಎಂಬ ಅರ್ಥದ ಹೆಸರು ಬಂತು. ಕರ್ನಾಟಕದಲ್ಲೂ ಕೊಳಚೆ ನಿರ್ಮೂಲನಾ ಮಂಡಳಿ ಕೊಳಚೆ ಅಭಿವೃದ್ಧಿ ಮಂಡಳಿಯಾಯಿತು. ನಿರ್ಮೂಲನೆಗಿಂತ ಅಭಿವೃದ್ಧಿ ಕೇಳಲು ಹಿತ. ಹೆಸರಿನ ಜೊತೆಗೆ ಅಧಿಕಾರವೂ ನಿಯಮವೂ ಬದಲಾಗದಿದ್ದರೆ ಅದು ಬೋರ್ಡಿಗೆ ಹೊಡೆಸಿದ ಹೊಸ ಬಣ್ಣವಷ್ಟೇ.

ನಿಯಮ ಮುರಿದದ್ದು ಬಡವರು ತಾನೇ ಎನ್ನುವವರು ಚೆನ್ನೈಯ ಇನ್ನೊಂದು ಇತಿಹಾಸವನ್ನೂ ಓದಬೇಕು. 1998ರಲ್ಲಿ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 113-ಎ ಎಂಬ ಕಲಂ ಸೇರಿತು. ಪರವಾನಗಿ ಮೀರಿ ಅಂತಸ್ತು ಏರಿಸಿದವರು, ಪಕ್ಕದ ಜಾಗ ನುಂಗಿದವರು ಹಣ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು ಎಂದಿತು. ಒಮ್ಮೆಗೆ ಮಾತ್ರ ಎಂದು ಬಂದ ರಿಯಾಯಿತಿ ಮತ್ತೆ ಮತ್ತೆ ವಿಸ್ತರಣೆಯಾಗಿ, ಕೊನೆಗೆ ನ್ಯಾಯಾಲಯವೇ ತಡೆಯಬೇಕಾಯಿತು. ಅಕ್ರಮ-ಸಕ್ರಮದ ಪಾಠವನ್ನು ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ತ್ಯಾಗರಾಯನಗರದ ಬಹುಮಹಡಿ ಅಂಗಡಿಯ ಅಕ್ರಮಕ್ಕೆ ದಂಡ, ಕಾಲುವೆ ಪಕ್ಕದ ಗುಡಿಸಲಿನ ಅಕ್ರಮಕ್ಕೆ ಜೆಸಿಬಿ. ನಿಯಮ ಒಂದೇ ಇದ್ದರೂ ತಪ್ಪಿದವರ ಗತಿ ಎರಡು ಬಗೆ.

ಕಟ್ಟಡ ಉದ್ಯಮದವರ ವಾದಕ್ಕೆ ನ್ಯಾಯ ಸಲ್ಲಿಸಲೇಬೇಕು. ಅವರು ಹೇಳುವುದು ಇಷ್ಟು: ಮನೆ ದುಬಾರಿಯಾಗಲು ಕಾರಣ ಮನೆಗಳ ಕೊರತೆ, ಹೆಚ್ಚು ಅಂತಸ್ತು ಕಟ್ಟಲು ಬಿಡಿ, ಬೆಲೆ ತಾನೇ ಇಳಿಯುತ್ತದೆ, ಶೇ. 10ರ ಭಾರ ಹೊರಿಸಿದರೆ ಅದನ್ನು ಹೊರುವವರು ಉಳಿದ ಶೇ. 90ರ ಮಧ್ಯಮ ವರ್ಗದವರು. ಇದರಲ್ಲಿ ಅರ್ಧ ಸತ್ಯವಿದೆ. ಚೆನ್ನೈ ಬಹುಕಾಲ ತನ್ನೊಳಗೆ ಮೇಲಕ್ಕೆ ಬೆಳೆಯದೆ ಪಕ್ಕಕ್ಕೆ ಹರಡಿತು. 2019ರ ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು ಸಾಮಾನ್ಯ ಕಟ್ಟಡಗಳ ಎಫ್‌ಎಸ್‌ಐಯನ್ನು, ಅಂದರೆ ಕರ್ನಾಟಕದಲ್ಲಿ ಎಫ್‌ಎಆರ್ ಎನ್ನುವ ನಿವೇಶನ-ಕಟ್ಟಡ ಅನುಪಾತವನ್ನು, 1.5ರಿಂದ 2ಕ್ಕೂ ಬಹುಮಹಡಿಗಳದ್ದನ್ನು 3.25ಕ್ಕೂ ಏರಿಸಿದವು. ಅದು ಆಗಬೇಕಾದದ್ದೇ. ಆದರೆ ಒಂದು ನಿವೇಶನದ ಮೇಲೆ ಎರಡರ ಬದಲು ಮೂರು ಪಟ್ಟು ಕಟ್ಟಬಹುದು ಎಂದ ಕೂಡಲೇ ಆ ನಿವೇಶನದ ಬೆಲೆಯೂ ಏರುತ್ತದೆ. ಆ ಏರಿಕೆಗೆ ಮಾಲೀಕರು ಬೆವರು ಸುರಿಸಿಲ್ಲ. ಸರ್ಕಾರದ ಒಂದು ಸಹಿ ಅದನ್ನು ಸೃಷ್ಟಿಸಿತು. ಸಾರ್ವಜನಿಕರ ಸಹಿಯಿಂದ ಬಂದ ಲಾಭದಲ್ಲಿ ಸಾರ್ವಜನಿಕರಿಗೆ ಪಾಲು ಕೇಳುವುದು ಭಾರ ಹೊರಿಸಿದಂತಲ್ಲ.

ಆ ಪಾಲನ್ನು ಈಗಲೂ ಕೇಳುತ್ತಿದ್ದಾರೆ, ಆದರೆ ರೊಕ್ಕದ ರೂಪದಲ್ಲಿ. ರಸ್ತೆ ಅಗಲವಾಗಿದ್ದರೆ ಶೇ. 50ರವರೆಗೆ ಹೆಚ್ಚುವರಿ ಎಫ್‌ಎಸ್‌ಐಯನ್ನು ಮಾರ್ಗಸೂಚಿ ಬೆಲೆಯ ಲೆಕ್ಕದಲ್ಲಿ ಕೊಂಡುಕೊಳ್ಳಬಹುದು. ಈಚಿನ ವರ್ಷಗಳಲ್ಲಿ ದೊಡ್ಡ ಕಟ್ಟಡಗಳಿಂದ ಆಶ್ರಯ ಶುಲ್ಕ ಪಡೆದು ನಿಧಿಗೆ ಸೇರಿಸುವ ಕ್ರಮವೂ ಬಂದಿದೆ. ಹಣಕ್ಕೆ ಊರಿಲ್ಲ. ಅಡ್ಯಾರ್‌ನಲ್ಲಿ ಕಟ್ಟಿದ ಶುಲ್ಕ ಜಮೀನು ಅಗ್ಗವಾಗಿರುವ ಕಡೆಗೇ ಹರಿಯುತ್ತದೆ, ಊರಂಚಿನಲ್ಲಿ ಇನ್ನೊಂದು ಪೆರುಂಬಾಕ್ಕಂ ಆಗುತ್ತದೆ. 2008ರ ಕಲಮಿನಲ್ಲಿದ್ದ ಎರಡು ಕಿಲೋಮೀಟರಿನ ಮಿತಿ ಅದರ ಅತ್ಯಂತ ಬೆಲೆಬಾಳುವ ಮಾತಾಗಿತ್ತು. ಶುಲ್ಕ ಕೊಲ್ಲುವುದು ಅದನ್ನೇ.

ಇದೆಲ್ಲ ಎಲ್ಲಿ ಚರ್ಚೆಯಾಗಬೇಕು? ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ನಗರ ಯೋಜನೆಯನ್ನೇ ಮೊದಲನೆಯದಾಗಿ ಇಟ್ಟಿದೆ. ಚೆನ್ನೈಯಲ್ಲಿ ನಕ್ಷೆ ಹಾಕುವುದು ರಾಜ್ಯ ಸರ್ಕಾರದ ಸಿಎಂಡಿಎ, ಬಡವರ ಮನೆ ಕಟ್ಟುವುದು ರಾಜ್ಯ ಸರ್ಕಾರದ ಮಂಡಳಿ. 200 ವಾರ್ಡುಗಳ ಕಾರ್ಪೊರೇಷನ್ನಿನ ಪಾಲಿಗೆ ಉಳಿಯುವುದು ಕಸ, ದೀಪ, ರಸ್ತೆ. ಕೌನ್ಸಿಲರುಗಳೇ ಇಲ್ಲದ ಕಾಲವೂ ಚಿಕ್ಕದೇನಲ್ಲ. 1973ರಿಂದ 1996ರವರೆಗೆ, ಆಮೇಲೆ 2016ರಿಂದ 2022ರವರೆಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಮೊದಲ ಮಾಸ್ಟರ್ ಪ್ಲಾನ್ ಬಂದದ್ದು ಅಂಥ ಒಂದು ಖಾಲಿ ಅವಧಿಯಲ್ಲೇ. ಬೆಂಗಳೂರಿನವರು ನಗುವ ಹಾಗಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2031ರ ಮಾಸ್ಟರ್ ಪ್ಲಾನಿನ ಕರಡು ಆ ವರ್ಷವೇ ವಾಪಸಾಯಿತು. ಈಜಿಪುರದ ಬಡವರ ವಸತಿಗೃಹಗಳಿದ್ದ ಜಾಗದಿಂದ 2013ರ ಜನವರಿಯಲ್ಲಿ ಕುಟುಂಬಗಳನ್ನು ಬೀದಿಗೆ ತಳ್ಳಿದ್ದು ಯಾರಿಗೂ ಮರೆತಿರಲಾರದು.

ಪೆರುಂಬಾಕ್ಕಂನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಗರದಿಂದ ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದಾಗ ಅದು ಒಂದು ಗ್ರಾಮ ಪಂಚಾಯಿತಿ. ಮನೆಯ ಜೊತೆಗೆ ಅವರ ಮತವೂ ಕಾರ್ಪೊರೇಷನ್ನಿನ ಗಡಿ ದಾಟಿತು. ತಮ್ಮನ್ನು ಎಬ್ಬಿಸಿದ ನಗರದ ಕೌನ್ಸಿಲರನ್ನು ಪ್ರಶ್ನಿಸುವ ಹಕ್ಕೂ ಅಲ್ಲಿಗೆ ಮುಗಿಯಿತು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಮೌಂಟ್ ಲಾರೆಲ್ ಎಂಬ ಊರು ದೊಡ್ಡ ನಿವೇಶನಗಳ ನಿಯಮ ಮಾಡಿ ತಲೆಮಾರುಗಳಿಂದ ಅಲ್ಲೇ ಇದ್ದ ಬಡ ಕಪ್ಪು ಕುಟುಂಬಗಳಿಗೆ ಮನೆ ಸಿಗದಂತೆ ಮಾಡಿದಾಗ, 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ತನ್ನ ಪ್ರದೇಶದ ಬಡವರ ಮನೆಗಳಲ್ಲಿ ನ್ಯಾಯವಾದ ಪಾಲಿಗೆ ಪ್ರತಿ ಊರೂ ಜಾಗ ಕೊಡಬೇಕು ಎಂದಿತು. ಆ ತೀರ್ಪಿನ ಜಾರಿಗೆ ದಶಕಗಳ ಜಗಳ ಬೇಕಾಯಿತು. ಆದರೆ ಪಾಲು ಎಂಬ ಮಾತು ಕಾನೂನಿನೊಳಗೆ ಬಂತು. ಚೆನ್ನೈಗೆ ಬೇಕಾದದ್ದೂ ಅಂಥದೇ ಮಾತು.

ಹಾಗಾದರೆ ಮೂರನೇ ಮಾಸ್ಟರ್ ಪ್ಲಾನಿನಲ್ಲಿ ಏನಿರಬೇಕು? ಮೀಸಲು ಮನೆಯನ್ನು ಅಳತೆಯಿಂದ ಅಳೆಯದೆ ಬೆಲೆ ಮತ್ತು ಬಾಡಿಗೆಯಿಂದ ಅಳೆಯಬೇಕು. ಅಂಥ ಪ್ರತಿ ಮನೆಯ ವಿವರ, ಯಾವ ಕಟ್ಟಡದಲ್ಲಿ ಎಷ್ಟು, ಎಷ್ಟು ಬೆಲೆಗೆ ಹೋಯಿತು ಎಂಬುದು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿರಬೇಕು. ಹೆಚ್ಚುವರಿ ಎಫ್‌ಎಸ್‌ಐ ಬೇಕೆಂದವರು ಅದರ ಬೆಲೆಯ ಒಂದು ಭಾಗವನ್ನಾದರೂ ಅದೇ ವಾರ್ಡಿನಲ್ಲೋ ಪಕ್ಕದಲ್ಲೋ ಬಾಡಿಗೆ ಮನೆಗಳಾಗಿ ಕೊಡಬೇಕು. ಮಂಡಳಿಯ ಐವತ್ತು ವರ್ಷದ ಹಳೆಯ ಕಟ್ಟಡಗಳನ್ನು ಕೆಡವಿ ಕಟ್ಟುವಾಗ ಅಲ್ಲಿದ್ದವರಿಗೆ ಅಲ್ಲೇ ಮನೆ ಎಂಬುದು ಮಂತ್ರಿಗಳ ಭರವಸೆಯಾಗಿ ಉಳಿಯದೆ ನಿಯಮವಾಗಬೇಕು. ಒಂದೇ ಜಾಗದಲ್ಲಿ ಇಷ್ಟಕ್ಕಿಂತ ಹೆಚ್ಚು ಪುನರ್ವಸತಿ ಮನೆಗಳು ಬೇಡ ಎಂಬ ಮಿತಿಯೂ ಬೇಕು. ಕಟ್ಟಡದ ಎತ್ತರಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಮಿತಿ ಹಾಕಲು ಬರುವ ನಿಯಮಕ್ಕೆ ಬಡತನವನ್ನು ಒಂದೇ ಕಡೆ ಗುಡ್ಡೆ ಹಾಕುವುದಕ್ಕೆ ಮಿತಿ ಹಾಕಲು ಬರುವುದಿಲ್ಲವೇ?

ಮತ್ತು ಕರಡು ನಕ್ಷೆ ಹೊರಬಂದಾಗ ಅದು ವಾರ್ಡು ವಾರ್ಡಿನಲ್ಲಿ, ಅಲ್ಲಿನವರ ತಮಿಳಿನಲ್ಲಿ, ಕಾರ್ಪೊರೇಷನ್ ಕೌನ್ಸಿಲಿನ ಮುಂದೆ ಚರ್ಚೆಗೆ ಬರಬೇಕು. ಪೆರುಂಬಾಕ್ಕಂ, ಕಣ್ಣಗಿ ನಗರಗಳಲ್ಲೂ ಬರಬೇಕು. ಆ ಸಭೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಸರಳವಾದದ್ದು. 2008ರಿಂದ ಇಲ್ಲಿಯವರೆಗೆ ಆ ಶೇ. 10ರ ಕಲಮಿನಂತೆ ಕಟ್ಟಿದ 45 ಚದರ ಮೀಟರಿನ ಮನೆಗಳು ಯಾವ ಬೀದಿಯಲ್ಲಿವೆ, ಇವತ್ತು ಅವುಗಳಲ್ಲಿ ಯಾರಿದ್ದಾರೆ? ಹೊಸ ನಿಯಮ ಬರೆಯುವ ಮುನ್ನ ಸಿಎಂಡಿಎ ಆ ಪಟ್ಟಿಯನ್ನು ಪ್ರಕಟಿಸಲಿ.